ಬೇರೆಯವರು ಸಂಗ್ರಹಿಸಿದ ಡೇಟಾದಲ್ಲಿ ಪಿಎಚ್‌.ಡಿ. ಮಾಡಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಹೊಸಪೇಟೆ ಹತ್ತಿರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಸಮಾಜಶಾಸ್ತ್ರದಲ್ಲಿ ಪಿಎಚ್‌.ಡಿ. ಎರಡನೇ ವರ್ಷ. ವಿಜಯನಗರ ಜಿಲ್ಲೆಯ ಹಳ್ಳಿ ಹೆಣ್ಣುಮಕ್ಕಳ ದುಡಿಮೆ ನನ್ನ ವಿಷಯ. ಮಗುವಿಗೆ ಎರಡು ವರ್ಷ. ಐನೂರು ಮನೆ ಸುತ್ತಿ ಪ್ರಶ್ನಾವಳಿ ತುಂಬಿಸಲು ಸಮಯವೂ ಇಲ್ಲ, ದುಡ್ಡೂ ಇಲ್ಲ. ಸರ್ಕಾರದ ಸಮೀಕ್ಷೆಗಳ ಡೇಟಾ ಬಳಸೋಣ ಅಂದುಕೊಂಡೆ. ನಮ್ಮ ಗೈಡ್ ‘ಯಾರೋ ಮಾಡಿಟ್ಟ ಅಡುಗೆ ಬಡಿಸಿದರೆ ಸಂಶೋಧನೆ ಆಗಲ್ಲಮ್ಮ’ ಅಂದರು. ಗೆಳತಿ ‘ಎಲ್ಲಾ ರೆಡಿ ಇದೆ, ಡೌನ್‌ಲೋಡ್ ಮಾಡು, ಮೂರು ತಿಂಗಳಲ್ಲಿ ಮುಗಿಸು’ ಅನ್ನುತ್ತಾಳೆ. ತೆರೆದು ನೋಡಿದರೆ ಒಂದೊಂದು ಸಮೀಕ್ಷೆ ಒಂದೊಂದು ಅಂಕಿ ಹೇಳುತ್ತದೆ. ನಮ್ಮ ಜಿಲ್ಲೆಯ ಹೆಸರೇ ಎಷ್ಟೋ ಕಡೆ ಇಲ್ಲ. ಸೀನಿಯರ್ ಒಬ್ಬರು ತಮ್ಮ ಸಂಶೋಧನೆಗೆ ಮಾಡಿದ 400 ಮನೆಗಳ ಎಕ್ಸೆಲ್ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಕೊಡುತ್ತೇನೆ ಅಂದಿದ್ದಾರೆ. ಹೆಸರು, ಫೋನ್ ನಂಬರ್ ಎಲ್ಲಾ ಇದೆಯಂತೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳು ಒಂದಕ್ಕೊಂದು ಗಂಟು ಬಿದ್ದಿವೆ. ಇದು ಸಂಶೋಧನೆ ಹೌದೋ ಅಲ್ಲವೋ, ಅಂಕಿಗಳು ಯಾಕೆ ಹೊಂದುವುದಿಲ್ಲ, ನಿಮ್ಮ ಜಿಲ್ಲೆ ಎಲ್ಲಿ ಹೋಯಿತು, ಆ ಪೆನ್‌ಡ್ರೈವ್ ಮುಟ್ಟಬಹುದಾ. ಎರಡನೆಯದರ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಉಳಿದ ಮೂರೂ ಅದರ ಮೇಲೆ ನಿಂತಿವೆ.

ಮೊದಲು ಅಡುಗೆ ಮಾತು. ನಿಮ್ಮ ಗೈಡ್ ಹೇಳಿದ್ದು ಅರ್ಧ ಸರಿ. ವರದಿಯಲ್ಲಿ ಅಚ್ಚಾದ ಕೋಷ್ಟಕ ನಿಜಕ್ಕೂ ಮಾಡಿಟ್ಟ ಅಡುಗೆಯೇ. ಅದನ್ನು ತಂದು, ಬಣ್ಣಬಣ್ಣದ ಪೈ ಚಾರ್ಟ್ ಮಾಡಿ, ಕೆಳಗೆ ‘ಮೇಲಿನ ಕೋಷ್ಟಕದಿಂದ ತಿಳಿದುಬರುವುದೇನೆಂದರೆ’ ಅಂತ ಶುರುಮಾಡುವ ಮಹಾಪ್ರಬಂಧಗಳನ್ನು ನಾನು ಎಷ್ಟು ಓದಿದ್ದೇನೋ ಲೆಕ್ಕವಿಲ್ಲ. ನಿಮ್ಮ ಗೈಡ್ ಕೂಡ ಓದಿ ಓದಿ ಬೇಸತ್ತಿರಬೇಕು. ಆದರೆ ನೀವು ಡೌನ್‌ಲೋಡ್ ಮಾಡುವುದು ಘಟಕ ಮಟ್ಟದ ಡೇಟಾ, ಅಂದರೆ ಒಬ್ಬೊಬ್ಬ ವ್ಯಕ್ತಿಗೆ ಒಂದೊಂದು ಸಾಲು, ಹೆಸರು ತೆಗೆದದ್ದು. ಅದು ಅಡುಗೆಯಲ್ಲ, ದಿನಸಿ. ಕಲ್ಲು ಆರಿಸಬೇಕು, ಬೇಳೆ ಹಳೇದೋ ಹೊಸದೋ ನೋಡಬೇಕು, ಏನು ಮಾಡಬೇಕೆಂದು ನೀವೇ ತೀರ್ಮಾನ ಮಾಡಬೇಕು. ಸಮಾಜಶಾಸ್ತ್ರದ ಮೊದಲ ದೊಡ್ಡ ಅಧ್ಯಯನಗಳಲ್ಲಿ ಒಂದಾದ ಎಮಿಲ್ ಡರ್ಕೈಮರ ಆತ್ಮಹತ್ಯೆಯ ಅಧ್ಯಯನ, 1897ರದ್ದು, ಪೂರ್ತಿ ಸರ್ಕಾರಿ ಅಂಕಿಗಳ ಮೇಲೆ ನಿಂತದ್ದು. ಅದನ್ನು ಯಾರೂ ಸಂಶೋಧನೆ ಅಲ್ಲ ಅಂದಿಲ್ಲ.

ಆದರೆ ಮುಂದೆ ಅದರ ಮೇಲೆ ಬಂದ ಆಕ್ಷೇಪವನ್ನೂ ನೀವು ಓದಿರಬೇಕು. ಒಂದು ಸಾವನ್ನು ದಾಖಲೆಯಲ್ಲಿ ‘ಆತ್ಮಹತ್ಯೆ’ ಅಂತ ಬರೆಯುವವರು ಯಾರು? ಕುಟುಂಬ ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ಅದು ಲೆಕ್ಕಕ್ಕೆ ಬರುತ್ತದೆಯೇ? ನಿಮ್ಮ ವಿಷಯಕ್ಕೂ ಇದೇ ಪ್ರಶ್ನೆ ಕೇಳಬೇಕು. ಒಬ್ಬ ಹೆಂಗಸಿನ ದಿನವನ್ನು ನೋಡಿ ಅದನ್ನು ‘ದುಡಿಮೆ’ ಅಂತ ಬರೆದವರು ಯಾರು, ‘ಮನೆಗೆಲಸ’ ಅಂತ ಬರೆದವರು ಯಾರು?

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಒಂದು ಸಮೀಕ್ಷೆಗೆ ಅಂತ ನಾನು ಕೂಡ್ಲಿಗಿ ಕಡೆಯ ಹಳ್ಳಿಗಳಲ್ಲಿ ಮನೆ ಮನೆ ಸುತ್ತುತ್ತಿದ್ದೆ. ಒಂದು ಮನೆಯ ಕಟ್ಟೆ ಮೇಲೆ ಯಜಮಾನರು ಕೂತಿದ್ದರು. ‘ನಿಮ್ಮ ಮನೆಯವರು ಏನು ಕೆಲಸ ಮಾಡ್ತಾರೆ?’ ಅಂತ ಕೇಳಿದೆ. ‘ಏನಿಲ್ರೀ, ಮನ್ಯಾಗ ಇರ್ತಾಳ್ರೀ’ ಅಂದರು. ನಾನು 92 ಅಂತ ಬರೆದೆ. ಬರೀ ಮನೆಗೆಲಸ ಮಾಡುವವರಿಗೆ ಇರುವ ಸಂಕೇತ ಅದು. ನೀರು ಕೇಳೋಣ ಅಂತ ಒಳಗೆ ಇಣುಕಿದರೆ ಹಿತ್ತಲಲ್ಲಿ ಆ ಅಮ್ಮ ಶೇಂಗಾ ಬಳ್ಳಿಯ ರಾಶಿ ಮುಂದೆ ಕೂತು ಕಾಯಿ ಬಿಡಿಸುತ್ತಿದ್ದರು. ಪಕ್ಕದಲ್ಲಿ ಎರಡು ಎಮ್ಮೆ. ಗೂಟಕ್ಕೆ ತಗುಲಿಹಾಕಿದ್ದ ಚೀಲದಲ್ಲಿ ಹಾಲಿನ ಸೊಸೈಟಿಯ ಪುಸ್ತಕ. ತೆಗೆದು ನೋಡಿದರೆ ಅದು ಆಕೆಯ ಹೆಸರಿನಲ್ಲೇ ಇತ್ತು.

ಈಗ ಹೇಳಿ, ಆಕೆಗೆ ಯಾವ ಸಂಕೇತ? ಸ್ವಂತ ಉದ್ಯೋಗ ಅಂದರೆ 11. ಮನೆಯವರ ಬೇಸಾಯಕ್ಕೆ ಸಂಬಳವಿಲ್ಲದೆ ಕೈಜೋಡಿಸುವವರು ಅಂದರೆ 21. ಮನೆಗೆಲಸದ ಜೊತೆಗೆ ಮನೆ ಬಳಕೆಗೆ ಸೌದೆ, ಸೊಪ್ಪು, ದನದ ಮೇವು ತರುವವರು ಅಂದರೆ 93. 11 ಮತ್ತು 21 ಬಿದ್ದರೆ ಆಕೆ ದುಡಿಯುವವರ ಲೆಕ್ಕದಲ್ಲಿ ಬರುತ್ತಾರೆ. 92, 93 ಬಿದ್ದರೆ ದುಡಿಮೆಯಿಂದಲೇ ಹೊರಗೆ. ಹೆಂಗಸು ಒಬ್ಬಳೇ, ದಿನ ಒಂದೇ. ಬದಲಾಗುವುದು ಯಾರನ್ನು ಕೇಳಿದೆವು, ಹೇಗೆ ಕೇಳಿದೆವು ಅನ್ನುವುದಷ್ಟೇ. ಆವತ್ತು ನಾನು 92 ಹೊಡೆದುಹಾಕಿ ಮತ್ತೆ ಮೊದಲಿಂದ ಕೇಳಿದೆ. ಅದಕ್ಕೂ ಹಿಂದಿನ ಹತ್ತು ಮನೆಗಳಲ್ಲಿ ಒಳಗೆ ಇಣುಕಿರಲಿಲ್ಲ ಅನ್ನುವುದೂ ಅವತ್ತೇ ನೆನಪಾಯಿತು.

ನಿಮ್ಮ ಅಂಕಿಗಳು ಹೊಂದದೆ ಇರುವುದಕ್ಕೆ ಕಾರಣ ಬಹುಪಾಲು ಇದೇ. ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರು ಒಂದೊಂದು ಪ್ರಶ್ನೆ ಕೇಳಿದ್ದಾರೆ.

ಆವರ್ತಕ ಕಾರ್ಮಿಕ ಬಲ ಸಮೀಕ್ಷೆ, ನಾವೆಲ್ಲ ಪಿಎಲ್‌ಎಫ್‌ಎಸ್ ಅನ್ನುವುದು, 2017ರಲ್ಲಿ ಶುರುವಾಯಿತು. ಅದರಲ್ಲಿ ‘ಸಾಮಾನ್ಯ ಸ್ಥಿತಿ’ ಅಂದರೆ ಹಿಂದಿನ 365 ದಿನದ ಲೆಕ್ಕ. ಮುಖ್ಯ ಕೆಲಸ ಬೇರೆ ಏನೇ ಇರಲಿ, 30 ದಿನ ದುಡಿದಿದ್ದರೂ ಉಪ ಕಸುಬು ಅಂತ ಸೇರಿಸಿಕೊಳ್ಳುತ್ತಾರೆ. ಅದೇ ಸಮೀಕ್ಷೆಯಲ್ಲಿ ‘ವಾರದ ಸ್ಥಿತಿ’ ಅಂತ ಇನ್ನೊಂದಿದೆ. ಹಿಂದಿನ ಏಳು ದಿನದಲ್ಲಿ ಒಂದು ಗಂಟೆ ದುಡಿದಿದ್ದರೂ ಸಾಕು. ಒಂದೇ ಸಮೀಕ್ಷೆಯಲ್ಲೇ ಎರಡು ಅಂಕಿ ಅನ್ನುವುದನ್ನು ಗಮನಿಸಿ. ಮನೆಯ ಪರವಾಗಿ ಒಬ್ಬರೇ ಎಲ್ಲರ ಉತ್ತರ ಕೊಡಬಹುದು. ಕಟ್ಟೆ ಮೇಲಿನ ಯಜಮಾನರು ಬರುವುದು ಇಲ್ಲಿ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ ಎನ್‌ಎಫ್‌ಎಚ್‌ಎಸ್, ನೇರ ಹೆಂಗಸನ್ನೇ ಕೂರಿಸಿಕೊಂಡು ಕೇಳುತ್ತದೆ. ಮನೆಗೆಲಸ ಬಿಟ್ಟು ಏಳು ದಿನದಲ್ಲಿ ಏನಾದರೂ ಕೆಲಸ ಮಾಡಿದಿರಾ ಅಂತ ಮೊದಲು. ‘ಇಲ್ಲ’ ಅಂದರೂ ಬಿಡುವುದಿಲ್ಲ. ಕೆಲವರು ಏನಾದರೂ ಮಾರುತ್ತಾರೆ, ಮನೆಯ ಹೊಲದಲ್ಲಿ ದುಡಿಯುತ್ತಾರೆ, ಅಂಥದ್ದೇನಾದರೂ ಇದೆಯಾ ಅಂತ ಮತ್ತೆ ಕೇಳುತ್ತದೆ. ಆಮೇಲೆ ಹಿಂದಿನ 12 ತಿಂಗಳು. ಕೇಳುವ ರೀತಿ ಚೆನ್ನಾಗಿದೆ, ಅಲ್ವಾ? ಆದರೆ ಕೇಳುವುದು 15ರಿಂದ 49 ವಯಸ್ಸಿನವರನ್ನು ಮಾತ್ರ. ನಮ್ಮ ಕಡೆ 55ರ ಅಜ್ಜಿ ಕಳೆ ತೆಗೆಯಲು ಹೋಗುತ್ತಾಳೆ. ಆಕೆ ಅದರಲ್ಲಿ ಇಲ್ಲವೇ ಇಲ್ಲ.

ಜನಗಣತಿಯದ್ದು ಮತ್ತೊಂದು ಲೆಕ್ಕ. ವರ್ಷದಲ್ಲಿ ಆರು ತಿಂಗಳು ದುಡಿದರೆ ಮುಖ್ಯ ದುಡಿಮೆಗಾರರು, ಅದಕ್ಕಿಂತ ಕಡಿಮೆ ಆದರೆ ಅಂಚಿನ ದುಡಿಮೆಗಾರರು. ಮೂರನ್ನೂ ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಇಟ್ಟು ‘ಏರಿಕೆ, ಇಳಿಕೆ’ ಅಂತ ಬರೆದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ.

ಒಂದೇ ಸಮೀಕ್ಷೆಯ ವರ್ಷವರ್ಷದ ಅಂಕಿಯನ್ನಾದರೂ ಕಣ್ಣುಮುಚ್ಚಿ ನಂಬಬಹುದಾ? ಪಿಎಲ್‌ಎಫ್‌ಎಸ್ ಪ್ರಕಾರ ದೇಶದ ಗ್ರಾಮೀಣ ಭಾಗದಲ್ಲಿ 15 ವರ್ಷ ದಾಟಿದ ಹೆಂಗಸರಲ್ಲಿ ದುಡಿಯುವ, ಇಲ್ಲವೇ ಕೆಲಸ ಹುಡುಕುವ ಪಾಲು 2017-18ರಲ್ಲಿ ಶೇ 24.6 ಇತ್ತು. 2023-24ಕ್ಕೆ ಶೇ 47.6. ಆರು ವರ್ಷದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ಹಳ್ಳಿಗಳಲ್ಲಿ ಹೆಂಗಸರ ಬದುಕು ಅಷ್ಟು ಬೇಗ ತಲೆಕೆಳಗಾಯಿತೇ? ಈ ಏರಿಕೆಯ ಬಹುಪಾಲು ಸ್ವಂತ ಉದ್ಯೋಗದಲ್ಲಿ ಬಂದಿದೆ. ಹಳ್ಳಿ, ಪಟ್ಟಣ ಎರಡೂ ಸೇರಿ ದುಡಿಯುವ ಹೆಂಗಸರಲ್ಲಿ ಈ ಗುಂಪಿನ ಪಾಲು ಶೇ 51.9ರಿಂದ ಶೇ 67.4ಕ್ಕೆ ಹೋಗಿದೆ. ಸಂಬಳವಿಲ್ಲದೆ ಮನೆಯ ಬೇಸಾಯಕ್ಕೆ ಕೈಜೋಡಿಸುವ ಆ 21 ಕೂಡ ಸ್ವಂತ ಉದ್ಯೋಗದ ಒಳಗೇ ಬರುತ್ತದೆ. ಕೆಲವರು ಇದನ್ನು ಒಳ್ಳೆಯ ಬೆಳವಣಿಗೆ ಅನ್ನುತ್ತಾರೆ. ಕೆಲವರು ಕೋವಿಡ್ ನಂತರದ ಕಷ್ಟ ಹೆಂಗಸರನ್ನು ಹೊಲಕ್ಕೆ ತಳ್ಳಿತು ಅನ್ನುತ್ತಾರೆ. ಇನ್ನು ಕೆಲವರು, ಮೊದಲೂ ದುಡಿಯುತ್ತಿದ್ದರು, ಈಗ ಸರಿಯಾಗಿ ಬರೆದುಕೊಳ್ಳುತ್ತಿದ್ದಾರೆ ಅಷ್ಟೇ ಅನ್ನುತ್ತಾರೆ. ನನ್ನನ್ನು ಕೇಳಿದರೆ ಮೂರೂ ಸ್ವಲ್ಪ ಸ್ವಲ್ಪ ಇದೆ. ಯಾವುದು ಎಷ್ಟು ಅನ್ನುವುದರಲ್ಲೇ ನಿಮ್ಮ ಪಿಎಚ್‌.ಡಿ. ಇದೆ. ಗೈಡ್‌ಗೆ ಇದನ್ನು ಹೇಳಿ.

ಹಾಗಾಗಿ ಗೆಳತಿಯ ‘ಮೂರು ತಿಂಗಳು’ ಮರೆತುಬಿಡಿ. ಮೂರು ತಿಂಗಳು ಪ್ರಶ್ನಾವಳಿ ಓದುವುದಕ್ಕೇ ಬೇಕು. ಪ್ರಶ್ನಾವಳಿ, ಮನೆ ಮನೆಗೆ ಹೋಗಿ ಕೇಳುವ ಸಿಬ್ಬಂದಿಗೆ ಕೊಟ್ಟ ಸೂಚನೆ ಪುಸ್ತಕ, ಸಂಕೇತಗಳ ಪಟ್ಟಿ, ಈ ಮೂರನ್ನೂ ಪ್ರಿಂಟ್ ತೆಗೆಸಿ ಪೆನ್ಸಿಲ್ ಹಿಡಿದು ಓದಿ. ಬೇರೆಯವರ ಡೇಟಾ ಬಳಸುವವರಿಗೆ ಫೀಲ್ಡ್‌ವರ್ಕ್ ಅಂದರೆ ಇದೇ. ಡೇಟಾ ಫೈಲ್ ಆಮೇಲೆ ತೆರೆದರೆ ಸಾಕು.

ಇನ್ನು ನಿಮ್ಮ ಜಿಲ್ಲೆ. ವಿಜಯನಗರ ಜಿಲ್ಲೆ ಆದದ್ದು 2021ರಲ್ಲಿ. ಎನ್‌ಎಫ್‌ಎಚ್‌ಎಸ್‌ನ ಐದನೇ ಸುತ್ತು ಕರ್ನಾಟಕದಲ್ಲಿ ನಡೆದದ್ದು 2019ರಲ್ಲಿ, ಅದೂ 2017ರ ಮಾರ್ಚ್‌ನಲ್ಲಿದ್ದ ಜಿಲ್ಲಾ ಗಡಿಗಳ ಪ್ರಕಾರ. ಅದರ ‘ಬಳ್ಳಾರಿ’ಯಲ್ಲಿ ನಿಮ್ಮ ಹೊಸಪೇಟೆ, ಕೂಡ್ಲಿಗಿ, ಹಡಗಲಿ ಎಲ್ಲಾ ಇವೆ. ಹರಪನಹಳ್ಳಿ ಮಾತ್ರ ‘ದಾವಣಗೆರೆ’ಯಲ್ಲಿದೆ. ಆ ತಾಲ್ಲೂಕಿನ ಕಥೆ ನಿಮಗೇ ಗೊತ್ತು. 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, ಈಗ ವಿಜಯನಗರ. ಒಂದೇ ಮನೆಯಲ್ಲಿ ಕೂತವರು ಮೂರು ಜಿಲ್ಲೆ ನೋಡಿಬಿಟ್ಟರು.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಐದನೇ ಸುತ್ತಿನ ಜಿಲ್ಲಾವಾರು ವರದಿ ನೋಡಿ ಎಷ್ಟೋ ಜನ ಮೋಸಹೋಗುತ್ತಾರೆ. ಲಸಿಕೆ, ಹೆರಿಗೆ, ರಕ್ತಹೀನತೆ, ಬಾಲ್ಯವಿವಾಹ ಇವಕ್ಕೆ ಜಿಲ್ಲಾ ಅಂಕಿ ಸಿಗುತ್ತದೆ. ಹೆಂಗಸರ ಉದ್ಯೋಗದ ಪ್ರಶ್ನೆಗಳನ್ನು ಮಾತ್ರ ಎಲ್ಲರಿಗೂ ಕೇಳಿಲ್ಲ. ಸುಮಾರು ಶೇ 15ರಷ್ಟು ಮನೆಗಳಲ್ಲಷ್ಟೇ ಕೇಳಿದ್ದಾರೆ. ಕೌಟುಂಬಿಕ ಹಿಂಸೆಯ ಪ್ರಶ್ನೆಗಳೂ ಹಾಗೇ. ಅವು ರಾಜ್ಯ ಮಟ್ಟಕ್ಕೆ ಮಾತ್ರ. ಫೈಲಿನಲ್ಲಿ ಜಿಲ್ಲೆಯ ಸಂಕೇತ ಇರುತ್ತದೆ. ‘ಬಳ್ಳಾರಿ’ ಅಂತ ಫಿಲ್ಟರ್ ಹಾಕಿದರೆ ಒಂದು ಶೇಕಡಾ ಅಂಕಿಯೂ ಬಂದುಬಿಡುತ್ತದೆ. ಸಾಫ್ಟ್‌ವೇರ್ ಬೇಡ ಅನ್ನುವುದಿಲ್ಲ. ಆದರೆ ಆ ಅಂಕಿಗೆ ಬೆಲೆ ಇಲ್ಲ. ಸಮೀಕ್ಷೆಯ ಜಿಪಿಎಸ್ ಗುರುತು ಹಿಡಿದು ಹೊಸಪೇಟೆ ಸುತ್ತಿನ ಹಳ್ಳಿಗಳನ್ನು ಹೆಕ್ಕೋಣ ಅಂತ ಯಾರಾದರೂ ಹೇಳಿಯಾರು. ಅದೂ ಬೇಡ. ಜನರ ಗುರುತು ಸಿಗಬಾರದು ಅಂತ ಆ ಬಿಂದುಗಳನ್ನು ಬೇಕಂತಲೇ ಜರುಗಿಸಿರುತ್ತಾರೆ, ಹಳ್ಳಿಗಳಲ್ಲಿ 5 ಕಿಲೋಮೀಟರ್‌ವರೆಗೆ, ಕೆಲವನ್ನು 10ರವರೆಗೂ.

ಪಿಎಲ್‌ಎಫ್‌ಎಸ್ ಕೂಡ 2024ರವರೆಗೆ ಜಿಲ್ಲಾ ಅಂಕಿಗೆ ಅಂತ ಮಾಡಿದ್ದಲ್ಲ. ಆಯ್ಕೆಯಾದ ಒಂದು ಹಳ್ಳಿಯಲ್ಲಿ ಎಂಟು ಮನೆ ಕೇಳುತ್ತಿದ್ದರು. ಒಂದು ಜಿಲ್ಲೆಗೆ ಬರುವ ಹಳ್ಳಿಗಳೇ ಕೆಲವು. 2025ರ ಜನವರಿಯಿಂದ ಮಾದರಿ ಆಯ್ಕೆಗೆ ಜಿಲ್ಲೆಯನ್ನೇ ಮೂಲ ಘಟಕ ಮಾಡಿದ್ದಾರೆ. ಒಳ್ಳೆಯದೇ. ಆದರೆ ಹೊಸ ವಿನ್ಯಾಸದ ಅಂಕಿಯನ್ನು ಹಳೆಯದರ ಪಕ್ಕ ಸುಮ್ನೆ ಇಟ್ಟು ಹೋಲಿಸುವಂತಿಲ್ಲ.

ಹಾಗಾದರೆ ಜಿಲ್ಲೆಗೆ ಏನು ಸಿಗುತ್ತದೆ? 2011ರ ಜನಗಣತಿ. ಹಳ್ಳಿವಾರು ಮುಖ್ಯ, ಅಂಚಿನ ದುಡಿಮೆಗಾರರು, ಅವರಲ್ಲಿ ಬೇಸಾಯಗಾರರು, ಕೃಷಿ ಕೂಲಿಯವರು, ಎಲ್ಲವೂ ಗಂಡು-ಹೆಣ್ಣು ಬೇರೆ ಬೇರೆಯಾಗಿ ಇದೆ. ಹಳ್ಳಿಗಳನ್ನು ಸೇರಿಸಿ ಇವತ್ತಿನ ವಿಜಯನಗರ ಜಿಲ್ಲೆಯನ್ನು ನೀವೇ ಕಟ್ಟಬಹುದು. ಕೂಡಿಸುವಾಗ ಹುಷಾರು. ಹರಪನಹಳ್ಳಿಯನ್ನು ದಾವಣಗೆರೆ ಫೈಲಿಂದ ತರಬೇಕು. ಕೊಟ್ಟೂರು ಆಗ ಕೂಡ್ಲಿಗಿಯ ಒಳಗಿತ್ತು, ಅದಕ್ಕೆ ತೊಂದರೆ ಇಲ್ಲ. ಕಂಪ್ಲಿ ಆಗ ಹೊಸಪೇಟೆ ತಾಲ್ಲೂಕಿನಲ್ಲಿತ್ತು, ಈಗ ಬಳ್ಳಾರಿ ಜಿಲ್ಲೆಯ ಬೇರೆ ತಾಲ್ಲೂಕು. ಆ ಹಳ್ಳಿಗಳನ್ನು ಒಂದೊಂದಾಗಿ ಕಳೆಯಬೇಕು. ಒಂದು ವಾರದ ಕೆಲಸ. ಹಳೆಯ ಡೇಟಾ ಅನ್ನುವ ದೂರು ಇದ್ದೇ ಇದೆ. ಮುಂದಿನ ಜನಗಣತಿಯ ಎಣಿಕೆಗೆ ಗೊತ್ತುಮಾಡಿದ ದಿನ 2027ರ ಮಾರ್ಚ್ 1. ಅದರ ಹಳ್ಳಿವಾರು ಕೋಷ್ಟಕ ಬರುವವರೆಗೆ ನಿಮ್ಮ ಪ್ರಬಂಧ ಕಾಯುವುದಿಲ್ಲ. ನರೇಗಾ ಲೆಕ್ಕವೂ ಇದೆ. ಗ್ರಾಮ ಪಂಚಾಯಿತಿವಾರು ಹೆಂಗಸರು ಎಷ್ಟು ಮಾನವ ದಿನ ದುಡಿದರು ಅನ್ನುವುದು ವೆಬ್‌ಸೈಟಿನಲ್ಲೇ ಸಿಗುತ್ತದೆ. ಆದರೆ ಅದು ಕೂಲಿ ಕೊಡುವುದಕ್ಕೆ ಬರೆದ ಲೆಕ್ಕ, ಸಂಶೋಧನೆಗೆ ಬರೆದದ್ದಲ್ಲ. ಹಾಜರಿ ಪಟ್ಟಿಯಲ್ಲಿರುವ ಹೆಸರಿನವರೇ ಕೆಲಸಕ್ಕೆ ಹೋಗಿದ್ದರು ಅಂತ ಭಾವಿಸಿಕೊಂಡು ಬರೆಯಬೇಡಿ.

ತಾಂತ್ರಿಕ ವಿಷಯ ಒಂದೇ ಹೇಳುತ್ತೇನೆ. ಪ್ರತಿ ಸಾಲಿಗೂ ಒಂದು ಗುಣಕ ಇರುತ್ತದೆ, ಆ ಒಬ್ಬರು ಎಷ್ಟು ಜನರ ಪರವಾಗಿ ನಿಂತಿದ್ದಾರೆ ಅನ್ನುವ ಲೆಕ್ಕ. ಅದನ್ನು ಹಾಕದೆ ತೆಗೆದ ಶೇಕಡಾವಾರು ಯಾವುದಕ್ಕೂ ಬರುವುದಿಲ್ಲ. ಹೇಗೆ ಹಾಕಬೇಕು ಅನ್ನುವುದು ಡೇಟಾ ಜೊತೆಗೆ ಬರುವ ರೀಡ್‌ಮೀ ಫೈಲಿನಲ್ಲಿದೆ. ಅದನ್ನು ಹಾಕಿದ ಮೇಲೆ, ವರದಿಯಲ್ಲಿ ಅಚ್ಚಾಗಿರುವ ಕರ್ನಾಟಕದ ಒಂದು ಅಂಕಿಯನ್ನು ನೀವೂ ಲೆಕ್ಕಮಾಡಿ ನೋಡಿ. ಅದೇ ಬಂದರೆ ಮುಂದುವರಿಯಿರಿ. ಬರದಿದ್ದರೆ ಅಲ್ಲೇ ನಿಲ್ಲಿ. ನನ್ನ ವಿದ್ಯಾರ್ಥಿಗಳಿಗೆ ಈ ಒಂದು ನಿಯಮದಲ್ಲಿ ನಾನು ವಿನಾಯಿತಿ ಕೊಡುವುದಿಲ್ಲ.

ಪೆನ್‌ಡ್ರೈವ್ ವಿಷಯಕ್ಕೆ ಬರೋಣ. ನಿಮ್ಮ ಸೀನಿಯರ್ ದೊಡ್ಡ ಮನಸ್ಸಿನವರು. ಡೇಟಾ ಹಂಚಿಕೊಳ್ಳುವ ಅಭ್ಯಾಸ ನಮ್ಮಲ್ಲಿ ತೀರಾ ಕಡಿಮೆ. ಪ್ರಬಂಧ ಮುಗಿದ ಮೇಲೆ ತುಂಬಿದ ಪ್ರಶ್ನಾವಳಿಗಳು ಅಟ್ಟ ಸೇರುತ್ತವೆ, ಆಮೇಲೆ ರದ್ದಿಗೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಕಡೆಯ ಹಳ್ಳಿಯಲ್ಲಿದ್ದು ಬರೆದುಕೊಂಡ ಟಿಪ್ಪಣಿಗಳನ್ನು ಪರಿಷ್ಕರಿಸಿ ಮೂರು ಪ್ರತಿ ಇಟ್ಟುಕೊಂಡಿದ್ದರು. ಮೂರೂ ಒಂದೇ ಕಡೆ ಇದ್ದವು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬಿದ್ದ ಬೆಂಕಿಗೆ ಮೂರೂ ಸುಟ್ಟುಹೋದವು. ಅವರು ನೆನಪಿನಿಂದಲೇ ಪುಸ್ತಕ ಬರೆದರು. ನಮಗೆಲ್ಲ ಅಂಥ ನೆನಪು ಎಲ್ಲಿಂದ ಬರಬೇಕು?

ಆದರೂ ಆ ಫೈಲನ್ನು ಈಗಿರುವ ರೂಪದಲ್ಲಿ ತೆಗೆದುಕೊಳ್ಳಬೇಡಿ. ಆ 400 ಮನೆಯವರು ಹೆಸರು, ಫೋನ್ ನಂಬರ್ ಕೊಟ್ಟದ್ದು ನಿಮ್ಮ ಸೀನಿಯರ್ ಮುಖ ನೋಡಿ. ನಿಮಗಲ್ಲ. ಹೆಸರು, ನಂಬರ್, ಮನೆ ನಂಬರ್ ತೆಗೆದು ಕ್ರಮಸಂಖ್ಯೆ ಹಾಕಿ ಕೊಡಿ ಅಂತ ಅವರನ್ನೇ ಕೇಳಿ. ನೀವು ತೆಗೆಯುತ್ತೇನೆ ಅನ್ನಬೇಡಿ, ಅವರೇ ತೆಗೆಯಬೇಕು. ಹೆಸರು ತೆಗೆದರೂ ಸಣ್ಣ ಹಳ್ಳಿಯಲ್ಲಿ ‘ವಿಧವೆ, 34 ವರ್ಷ, ಅಂಗನವಾಡಿ ಸಹಾಯಕಿ’ ಅಂದರೆ ಊರಿಗೇ ಗೊತ್ತಾಗುತ್ತದೆ. ಹಾಗಾಗಿ ಹಳ್ಳಿಯ ಹೆಸರನ್ನೂ ಮರೆಸಿ. ಬಳಸಲು ಒಪ್ಪಿಗೆ ಇದೆ ಅಂತ ಅವರಿಂದ ಒಂದು ಪತ್ರ ಬರೆಸಿಕೊಳ್ಳಿ, ಅವರ ಗೈಡ್‌ಗೂ ತಿಳಿಸಿ. ಪ್ರಬಂಧದಲ್ಲಿ ಡೇಟಾ ಯಾರದ್ದು, ಯಾವ ವರ್ಷದ್ದು ಅಂತ ಸ್ಪಷ್ಟವಾಗಿ ಬರೆಯಿರಿ. ಹೀಗೆ ಮಾಡಿದರೆ ಅದು ಕೃತಿಚೌರ್ಯ ಅಲ್ಲ. ಹೇಳದೆ ನಿಮ್ಮದೇ ಫೀಲ್ಡ್‌ವರ್ಕ್ ಅಂತ ತೋರಿಸಿದರೆ ಕೃತಿಚೌರ್ಯಕ್ಕಿಂತ ಕೆಟ್ಟದ್ದು. ಇನ್ನೂ ಒಂದು ಮಾತು. 400 ಮನೆಗಳನ್ನು ಹೇಗೆ ಆರಿಸಿದರು ಅಂತ ಕೇಳಿ. ‘ಪರಿಚಯದವರು ಇದ್ದ ಹಳ್ಳಿಗೆ ಹೋದೆ’ ಅಂದರೆ ಅದರಿಂದ ಜಿಲ್ಲೆಯ ಶೇಕಡಾವಾರು ಹೇಳುವಂತಿಲ್ಲ. ಏನು ಕೇಳಬೇಕು ಅಂತ ಕಲಿಯುವುದಕ್ಕೆ ಮಾತ್ರ ಬಳಸಿ.

ಈಗ ನಿಮ್ಮ ಮುಂದೆ ಇರುವ ದಾರಿ. ಪೂರ್ತಿ ಪಿಎಲ್‌ಎಫ್‌ಎಸ್ ಮೇಲೆ ಕರ್ನಾಟಕದ ಗ್ರಾಮೀಣ ಹೆಂಗಸರ ಅಧ್ಯಯನ ಮಾಡಬಹುದು. ಸಮೀಕ್ಷೆಯಲ್ಲಿ ರಾಜ್ಯವನ್ನು ನಾಲ್ಕು ಪ್ರದೇಶವಾಗಿ ಭಾಗಿಸಿದ್ದಾರೆ. ನಿಮ್ಮ ಕಡೆಯದು ಉತ್ತರ ಒಳನಾಡು. ಒಂದೆರಡು ವರ್ಷದ ಡೇಟಾ ಸೇರಿಸಿದರೆ ಆ ಪ್ರದೇಶದ ಮಟ್ಟದಲ್ಲಿ ಮಾತಾಡಬಹುದು. ಜಾತಿಯ ವಿಚಾರಕ್ಕೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಇತರೆ ಅನ್ನುವ ನಾಲ್ಕೇ ಗುಂಪು ಸಿಗುತ್ತದೆ. ಒಳಗಿನ ಜಾತಿಗಳು ಸಿಗುವುದಿಲ್ಲ. ಇದು ಗಟ್ಟಿ ದಾರಿ, ಆದರೆ ಅಂಕಿಶಾಸ್ತ್ರ ಕಲಿಯಲೇಬೇಕು. ‘ವಿಜಯನಗರ ಜಿಲ್ಲೆ’ ಅನ್ನುವ ಹೆಸರು ಶೀರ್ಷಿಕೆಯಿಂದ ಹೋಗುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಇನ್ನೊಂದು ಮಾಡುತ್ತಿದ್ದೆ. ಪಿಎಲ್‌ಎಫ್‌ಎಸ್‌ನಿಂದ ಪ್ರದೇಶದ ಚಿತ್ರ, ಜನಗಣತಿಯಿಂದ ಜಿಲ್ಲೆಯ ಹಿನ್ನೆಲೆ. ಅದರ ಜೊತೆಗೆ ನಿಮ್ಮ ಊರಿನ ಹತ್ತಿರದ ಎರಡು ಹಳ್ಳಿ, ಒಂದು ನೀರಾವರಿಯದ್ದು, ಒಂದು ಮಳೆಯಾಶ್ರಿತ. ಒಟ್ಟು ಮೂವತ್ತು ಹೆಂಗಸರು, ಸಾಕು. ಪಿಎಲ್‌ಎಫ್‌ಎಸ್‌ನ ಪ್ರಶ್ನೆಯನ್ನು ಮೊದಲು ಮನೆಯ ಗಂಡಸಿಗೆ ಕೇಳಿ, ಸಂಕೇತ ಬರೆಯಿರಿ. ಆಮೇಲೆ ಅದೇ ಪ್ರಶ್ನೆ ಆಕೆಗೆ. ಆಮೇಲೆ ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ ಅಂತ ಅರ್ಧರ್ಧ ಗಂಟೆಯ ಲೆಕ್ಕ. 2019ರಲ್ಲಿ ಮತ್ತು 2024ರಲ್ಲಿ ನಡೆದ ಸಮಯ ಬಳಕೆ ಸಮೀಕ್ಷೆಯ ನಮೂನೆ ಇದಕ್ಕೆ ಸಿದ್ಧವಾಗೇ ಇದೆ. ಮೂರು ಉತ್ತರ ಅಕ್ಕಪಕ್ಕ ಇಟ್ಟರೆ 92 ಎಲ್ಲಿ 21 ಆಗುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಮೂವತ್ತು ಜನರಿಂದ ಶೇಕಡಾವಾರು ಲೆಕ್ಕ ಮಾತ್ರ ಮಾಡಬೇಡಿ. ದೊಡ್ಡ ಡೇಟಾದಲ್ಲಿರುವ ಆ ಸಂಕೇತದ ಹಿಂದೆ ಏನಿದೆ ಅಂತ ತೋರಿಸಲು ಅವರು ಬೇಕು. ಭಾನುವಾರಗಳಲ್ಲಿ ಹೋದರೂ ಐದಾರು ತಿಂಗಳಲ್ಲಿ ಮುಗಿಯುತ್ತದೆ. ಮಗುವನ್ನು ಕರೆದುಕೊಂಡು ಹೋಗಿ, ಮಾತು ಬೇಗ ಶುರುವಾಗುತ್ತದೆ. ನಾನು ಹಾಗೇ ಮಾಡಿದ್ದು.

ಗೈಡ್ ಹತ್ತಿರ ಹೋಗುವಾಗ ಲ್ಯಾಪ್‌ಟಾಪ್ ಬೇಡ. ಪ್ರಿಂಟ್ ತೆಗೆದ ಪ್ರಶ್ನಾವಳಿ, ನೀವು ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದು, ಅದನ್ನು ಮೇಜಿನ ಮೇಲಿಡಿ. ಶೀರ್ಷಿಕೆ ಬದಲಿಸುವುದಾದರೆ ಅರ್ಜಿಯನ್ನು ಅವತ್ತೇ ಕೊಟ್ಟು ಬನ್ನಿ. ಅದು ಕಚೇರಿಯಲ್ಲಿ ಎಷ್ಟು ದಿನ ಕೂರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ.